ಕೊಡುವ ಹಬ್ಬ ಕೊಳ್ಳುವ ಹಬ್ಬ ಆದದ್ದು

ಪೇಪರ್ ಬಿಡಿಸಿದರೆ ಮುಖಪುಟವೇ ಇಲ್ಲ. ಮೂರು ಹಾಳೆ ಮಗುಚಿದ ಮೇಲೆ ಸುದ್ದಿ ಸಿಕ್ಕಿತು, ಅಲ್ಲಿವರೆಗೂ ಬರೀ ಚಿನ್ನದ ಜಾಹೀರಾತು. ಅಕ್ಷಯ ತದಿಗೆಯಂತೆ, ಇವತ್ತು ಗುಲಗಂಜಿಯಷ್ಟಾದರೂ ಕೊಳ್ಳದಿದ್ದರೆ ಲಕ್ಷ್ಮಿ ಮುನಿಸಿಕೊಳ್ಳುತ್ತಾಳಂತೆ!

ವೈಶಾಖದ ಬಿಸಿಲಲ್ಲಿ ನೀರು ತುಂಬಿದ ಕೊಡ, ಮೊಸರನ್ನ, ಬೀಸಣಿಗೆ, ಕೊಡೆ ದಾನ ಮಾಡುವ ದಿನ ಇದು. ಕೊಟ್ಟದ್ದು ಅಕ್ಷಯವಾಗುತ್ತದೆ ಅನ್ನುವುದು ನಂಬಿಕೆ. ಜಾಹೀರಾತು ಬಂದು 'ಕೊಡುವುದು' ಅಳಿಸಿ 'ಕೊಳ್ಳುವುದು' ಅಂತ ಬರೆಯಿತು. ನಾವು ಸಂಪ್ರದಾಯ ಅಂತ ಸಾಲಲ್ಲಿ ನಿಂತೆವು.

ಆ ಜಾಹೀರಾತಿನ 'ಗ್ರಾಮಿಗೆ 200 ರೂ. ರಿಯಾಯಿತಿ' ಅನ್ನುವುದನ್ನೇ ನೋಡಿ. ಲೆಕ್ಕ ಸುಲಭವಾಗಲಿ, 22 ಕ್ಯಾರೆಟ್ ಗ್ರಾಮಿಗೆ 10,000 ರೂ. ಇಟ್ಟುಕೊಳ್ಳಿ. 10 ಗ್ರಾಂ ಸರಕ್ಕೆ 2,000 ರೂ. ಉಳಿಯಿತು ಅಂತ ಖುಷಿ. ಆದರೆ ವೇಸ್ಟೇಜ್ (ಒಡವೆ ಮಾಡುವಾಗ ಸವೆದ ಚಿನ್ನ ಅಂತ ಅಂಗಡಿಯವರು ಸೇರಿಸುವ ಮೊತ್ತ) 12% ಇದ್ದದ್ದನ್ನು 14% ಮಾಡಿದರೆ ಅದೇ 2,000 ವಾಪಸ್ ಅಂಗಡಿಗೆ. ದರವನ್ನು ಎಲ್ಲರೂ ಹೋಲಿಸುತ್ತಾರೆ, ವೇಸ್ಟೇಜ್ ಯಾರೂ ಕೇಳುವುದಿಲ್ಲ. ಒಂದು ಲಕ್ಷಕ್ಕೆ 14% ಕೂಡಿಸಿ ರಿಯಾಯಿತಿಯ 2,000 ಕಳೆದರೆ ಒಟ್ಟು 1,12,000, ಅದರ ಮೇಲೆ 3% ಜಿಎಸ್‌ಟಿ, ಕೊಟ್ಟದ್ದು 1,15,360. ಸಂಜೆಗೇ ಮಾರಲು ಹೋದರೆ ಸಿಗುವುದು ಬರೀ ಚಿನ್ನದ ಬೆಲೆ, ಹೆಚ್ಚೆಂದರೆ ಒಂದು ಲಕ್ಷ. ಅಕ್ಷಯದ ದಿನವೇ 15,360 ಕ್ಷಯ!

ಕಲ್ಲಿನ ನೆಕ್ಲೇಸ್ ಆದರೆ ಇನ್ನೂ ಚೆಂದ. ಕಲ್ಲು, ಅರಗು ಎಲ್ಲ ಸೇರಿಸಿ ತೂಗಿ ಚಿನ್ನದ ದರ ಹಾಕಿದರೆ ಗಾಜಿಗೂ ಚಿನ್ನದ ಬೆಲೆ ಕೊಟ್ಟಂತೆ. ಬಿಲ್ಲಿನಲ್ಲಿ ನಿವ್ವಳ ತೂಕ, ಕಲ್ಲಿನ ತೂಕ, ಕಲ್ಲಿನ ಬೆಲೆ ಬೇರೆ ಬೇರೆ ಬರೆಸಿ. ಒಡವೆಯ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ತ್ರಿಕೋನ, 22 ಕ್ಯಾರೆಟ್ ಶುದ್ಧತೆಯ ಗುರುತು 22ಕೆ916, ಆ ಒಡವೆಗೇ ಕೊಟ್ಟ ಆರು ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆ ಎಚ್‌ಯುಐಡಿ ಮೂರೂ ಇರಬೇಕು. 2023ರ ಏಪ್ರಿಲ್‌ನಿಂದ ಎಚ್‌ಯುಐಡಿ ಇಲ್ಲದ್ದನ್ನು ಮಾರುವಂತಿಲ್ಲ (2 ಗ್ರಾಮಿಗಿಂತ ಕಡಿಮೆ ತೂಕದ್ದಕ್ಕೆ ವಿನಾಯಿತಿ). ಭೂತಗನ್ನಡಿ ಕೇಳಿ ಓದಿ, ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿ. ಓಲೆ ಅಂತ ತೋರಿಸಬೇಕಾದಲ್ಲಿ ಉಂಗುರ ಅಂತ ತೋರಿಸಿದರೆ ಅಲ್ಲೇ ಕೆಳಗಿಡಿ. ಆದರೆ ಟೋಕನ್ ಹಿಡಿದು ನಿಂತ ನೂಕುನುಗ್ಗಲಲ್ಲಿ ಭೂತಗನ್ನಡಿ ಕೇಳುವವರು ಯಾರು? ಅದಕ್ಕೇ ತಾನೇ ಮುಹೂರ್ತ ಇಡುವುದು.

'ಚಿನ್ನ ಆಪದ್ಧನ ಕಣ್ರೀ, ಹೆಣ್ಣುಮಕ್ಕಳ ಕೈಯಲ್ಲಿ ಉಳಿಯುವ ದುಡ್ಡು ಅದೊಂದೇ' ಅಂತ ಕಾಮೆಂಟ್ ಬಂದೇ ಬರುತ್ತದೆ. ಒಪ್ಪಿದೆ. ಹಾಗಾದರೆ ಮಜೂರಿ ತೀರಾ ಕಡಿಮೆ ಇರುವ ನಾಣ್ಯ ಕೊಳ್ಳಿ, ಯಾವ ಮಂಗಳವಾರ ಬೇಕಾದರೂ ಕೊಳ್ಳಿ. ಆಪತ್ತಿಗೆ ಟೆಂಪಲ್ ಡಿಸೈನ್ ಹಾರ ಯಾಕೆ? ಜಾಹೀರಾತಿನಲ್ಲಿ ಹಾರ ಕತ್ತು ತುಂಬ ಇರುತ್ತದೆ, ನಾಣ್ಯ ಮೂಲೆಯಲ್ಲಿ. (ಆ ಹಾರ ನನ್ನ ಕಣ್ಣನ್ನೂ ಎರಡು ನಿಮಿಷ ಹಿಡಿದು ನಿಲ್ಲಿಸಿತು, ಸುಳ್ಳು ಯಾಕೆ ಹೇಳಲಿ. ಇಷ್ಟು ಲೆಕ್ಕ ಗೊತ್ತಿದ್ದೂ!)

ಅಂದಹಾಗೆ, ಇದೇ ತದಿಗೆ ಬಸವ ಜಯಂತಿಯೂ ಹೌದು. ಜಾಹೀರಾತಿನವರು ಮರೆತಿಲ್ಲ. ತೀರಾ ಕೆಳಗೆ, 'ಷರತ್ತುಗಳು ಅನ್ವಯ' ಅನ್ನುವುದರ ಪಕ್ಕ, ಅದೇ ಅಳತೆಯ ಅಕ್ಷರದಲ್ಲಿ ಶುಭಾಶಯ ಹಾಕಿದ್ದಾರೆ.