ಸೊಂಟದ ಮೂಳೆ ಐದು, ಪಾಲಿಕೆಯೂ ಐದು

2025ರ ಮೇ ತಿಂಗಳಲ್ಲಿ ಬೆಂಗಳೂರಿನ ನಿವಾಸಿಯೊಬ್ಬರು ಬಿಬಿಎಂಪಿಗೆ ಲೀಗಲ್ ನೋಟಿಸ್ ಕಳಿಸಿದರು. ನಿಮ್ಮ ರಸ್ತೆಗುಂಡಿಗಳಿಂದ ನನ್ನ ಕುತ್ತಿಗೆ, ಬೆನ್ನು ಹಾಳಾಗಿದೆ, 50 ಲಕ್ಷ ರೂಪಾಯಿ ಪರಿಹಾರ ಕೊಡಿ ಅಂತ. ಸುದ್ದಿ ಓದಿದವರು ಮೊದಲು ನಕ್ಕಿರಬೇಕು. ಆಮೇಲೆ ತಮ್ಮ ತಮ್ಮ ಸೊಂಟ ಮುಟ್ಟಿ ನೋಡಿಕೊಂಡು, ನಮ್ಮದಕ್ಕೆ ಎಷ್ಟು ಸಿಗಬಹುದು ಅಂತ ಮನಸ್ಸಲ್ಲೇ ಲೆಕ್ಕ ಹಾಕಿರಬೇಕು.

ಲೆಕ್ಕ ಮುಗಿಯುವಷ್ಟರಲ್ಲಿ ಕೊಡಬೇಕಾದವರೇ ಇರಲಿಲ್ಲ. ಅದೇ ಮೇ ತಿಂಗಳ 15ಕ್ಕೆ ಗ್ರೇಟರ್ ಬೆಂಗಳೂರು ಕಾಯ್ದೆ ಜಾರಿಗೆ ಬಂತು. ಸೆಪ್ಟೆಂಬರ್ ಹೊತ್ತಿಗೆ ಬಿಬಿಎಂಪಿ ಹೋಗಿ ಐದು ಪಾಲಿಕೆ ಬಂದವು. ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ. ಮೇಲೊಂದು ಪ್ರಾಧಿಕಾರ. ಮನುಷ್ಯನ ಸೊಂಟದ ಬೆನ್ನೆಲುಬಿನಲ್ಲೂ ಎಲ್-1ರಿಂದ ಎಲ್-5ರವರೆಗೆ ಐದೇ ಮೂಳೆ. ಇಷ್ಟು ಕರಾರುವಾಕ್ಕಾದ ಯೋಜನೆಯನ್ನು ನಮ್ಮ ಸರ್ಕಾರ ಇನ್ಯಾವುದರಲ್ಲೂ ಮಾಡಿದ್ದು ನನಗೆ ನೆನಪಿಲ್ಲ. ಇನ್ನು ಮುಂದೆ ದೂರು ಕೊಡೋದು ಸುಲಭ. "ಎಲ್-4ರ ತನಕ ನಮ್ಮ ವ್ಯಾಪ್ತಿ ಸಾರ್, ಎಲ್-5 ದಕ್ಷಿಣ ಪಾಲಿಕೆಗೆ ಬರುತ್ತೆ." ಎರಡು ಮೂಳೆಗಳ ನಡುವೆ ಮೆತ್ತೆಯ ಹಾಗೆ ಇರುವ ಡಿಸ್ಕ್ ಯಾರದಪ್ಪ? "ಅದರೊಳಗೆ ಜಾಸ್ತಿ ಇರೋದು ನೀರು, ಜಲಮಂಡಳಿಯನ್ನ ಕೇಳಿ." ಕಾಲಿಗೆ ಕರೆಂಟ್ ಹೊಡೆದ ಹಾಗೆ ಆಗ್ತಿದೆಯಲ್ಲ? "ಹಾಗಾದ್ರೆ ಬೆಸ್ಕಾಂ."

ಗುಂಡಿಗಳನ್ನೇ ಬೈಯೋದೂ ನ್ಯಾಯವಲ್ಲ. ಗುಂಡಿ ತಾನಾಗಿ ಆಗುವಂಥದ್ದು, ಹಂಪ್ ನಾವು ಇಷ್ಟಪಟ್ಟು ಕಟ್ಟಿಸಿಕೊಂಡದ್ದು. ರಸ್ತೆಗಳಿಗೆ ಮಾನದಂಡ ಹಾಕಿಕೊಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹಂಪಿಗೆ ಅಳತೆ ಕೊಟ್ಟಿದೆ: ಅಗಲ 3.7 ಮೀಟರ್, ಎತ್ತರ 10 ಸೆಂಟಿಮೀಟರ್. ಅಂದರೆ ಕಾರು ನಿಧಾನಕ್ಕೆ ಹತ್ತಿ ನಿಧಾನಕ್ಕೆ ಇಳಿಯಬೇಕು. ನಮ್ಮ ಬಡಾವಣೆಗಳ ಅಳತೆ ಬೇರೆ. ಯಾರದೋ ಮನೆಗೆ ಮೋಲ್ಡ್ ಹಾಕಿದಾಗ ಎರಡು ಬಾಣಲೆ ಕಾಂಕ್ರೀಟ್ ಮಿಕ್ಕಿರುತ್ತದೆ. ರಾತ್ರೋರಾತ್ರಿ ಅದು ರಸ್ತೆಗೆ ಅಡ್ಡ ಮಲಗುತ್ತದೆ. ಬಣ್ಣ ಇಲ್ಲ, ಬೋರ್ಡ್ ಇಲ್ಲ. ಬೆಳಗ್ಗೆ ಮೊದಲು ಹಾಲಿನ ಗಾಡಿಯವನಿಗೆ ಗೊತ್ತಾಗುತ್ತದೆ, ಆಮೇಲೆ ಅವನ ಎಲ್-5ಕ್ಕೆ.

ಇರಲಿ, ಪರಿಹಾರ ಬರುವ ತನಕ ಚಿಕಿತ್ಸೆ ಆಗಬೇಕಲ್ವಾ? ಈ ಊರಲ್ಲಿ ಅದಕ್ಕೇನೂ ಕೊರತೆಯಿಲ್ಲ. ಸೊಂಟ ಹಿಡಿದುಕೊಂಡು ಎರಡು ಹೆಜ್ಜೆ ಇಟ್ಟರೆ ಸಾಕು, ಮೂರನೇ ಹೆಜ್ಜೆಗೆ ವೈದ್ಯರು ಸಿಗುತ್ತಾರೆ. ಮೊದಲ ವೈದ್ಯರು ಅಪಾರ್ಟ್‌ಮೆಂಟಿನ ಗೇಟಲ್ಲೇ ಕೂತಿರುತ್ತಾರೆ. "ಸಾರ್, ನಮ್ಮೂರಲ್ಲಿ ಒಬ್ಬ ಇದಾನೆ. ಹುಟ್ಟುವಾಗ ಕಾಲು ಮುಂದೆ ಮಾಡ್ಕೊಂಡು ಬಂದವನು. ಬೆನ್ನಿಗೆ ಒಂದು ಒದ್ದ ಅಂದ್ರೆ ಉಳುಕು ಮಾಯ." ಫೀಸು ಎಲೆ ಅಡಿಕೆ. ಆದರೆ ಈಗ ಸಿಸೇರಿಯನ್ ಕಾಲ. ಕಾಲು ಮುಂದೆ ಬಂತೋ ತಲೆ ಮುಂದೆ ಬಂತೋ ಅನ್ನೋದಕ್ಕೆ ಬೆಲೆಯೇ ಇಲ್ಲ. ಇನ್ನು ಇಪ್ಪತ್ತು ವರ್ಷಕ್ಕೆ ಈ ವಿಭಾಗದಲ್ಲಿ ತಜ್ಞರ ತೀವ್ರ ಅಭಾವ ಆಗಲಿದೆ. ಸರ್ಕಾರ ಈಗಲೇ ಸೀಟು ಹೆಚ್ಚಿಸುವುದು ಒಳ್ಳೆಯದು.

ಒದೆ ತಿನ್ನಲು ನಾಚಿಕೆ ಆಗುವವರಿಗೆ ಬಿಟ್ಟಿ ಮಸಾಜ್ ಹಾಸಿಗೆ ಇದೆ. ಜಯನಗರದಿಂದ ಮೈಸೂರಿನವರೆಗೆ ಇಂಥ ಸೆಂಟರ್‌ಗಳನ್ನು ನೀವೂ ನೋಡಿರುತ್ತೀರಿ. ಮೊದಲ ಮಹಡಿ, ಎಸಿ, ಬಾಗಿಲಲ್ಲಿ ನೂರಾರು ಚಪ್ಪಲಿ. ಟೋಕನ್ ಹಿಡಿದು ಕೂತ ಹಿರಿಯರು, ಕೈಯಲ್ಲಿ ಸ್ವಂತ ಟವೆಲ್ಲು. ಹಾಸಿಗೆಯೊಳಗೆ ಬಿಸಿ ಉಂಡೆಗಳು ಕುತ್ತಿಗೆಯಿಂದ ಸೊಂಟದವರೆಗೆ ಉರುಳುತ್ತವೆ. ಸುಖ ಅನ್ನೋದರಲ್ಲಿ ಅನುಮಾನವೇ ಇಲ್ಲ, ಅರ್ಧ ಜನ ಅಲ್ಲೇ ಗೊರಕೆ ಹೊಡೆಯುತ್ತಾರೆ. ಕಾಯುವವರ ಹತ್ತಿರ ಒಬ್ಬ ಹುಡುಗ ಮೈಕ್ ಹಿಡಿದು ಅನುಭವ ಕೇಳುತ್ತಾನೆ. ಒಬ್ಬ ಅಜ್ಜಿ ಎದ್ದು, "ನನ್ನ ಸೊಂಟನೋವು ಹೋಯ್ತು, ಶುಗರ್ ಇಳೀತು, ಮೊಮ್ಮಗನಿಗೆ ಕೆಲಸವೂ ಸಿಕ್ತು" ಅನ್ನುತ್ತಾರೆ. ಎಲ್ಲರೂ ಚಪ್ಪಾಳೆ. ಮಲಗೋದು ಬಿಟ್ಟಿ. ಹಾಸಿಗೆ ಮನೆಗೆ ಬೇಕು ಅಂದರೆ ಮಾತ್ರ ಲಕ್ಷದ ಮಾತು. ಅದನ್ನು ಮಗನಿಗೆ ಹೇಳುವಾಗ ಮಗನಿಗೂ ಸೊಂಟನೋವು ಶುರುವಾಗುತ್ತದೆ.

ಆ ಮಗನಿಗೆ ಕಂಪನಿ ಇನ್ಶೂರೆನ್ಸ್ ಇದೆ. ಅವನು ನೇರ ಎಂಆರ್‌ಐಗೆ ಹೋಗುತ್ತಾನೆ. ಈ ಸ್ಕ್ಯಾನಿನ ಮಹಿಮೆಯೇ ಬೇರೆ. ಒಳಗೆ ಹೋಗುವಾಗ ಸುಮ್ನೆ ಸೊಂಟ ಹಿಡಿದುಕೊಂಡಿದ್ದ ಮನುಷ್ಯ, ಹೊರಗೆ ಬರುವಾಗ "ಎಲ್-4 ಎಲ್-5 ಡಿಸ್ಕ್ ಬಲ್ಜ್" ಆಗಿರುತ್ತಾನೆ. ಆಮೇಲೆ ಅದೇ ಅವನ ಗೋತ್ರ. ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ ಪಕ್ಕದವರು ಕೇಳುತ್ತಾರೆ, "ನಿಮ್ದು ಯಾವ ಡಿಸ್ಕು?" "ಎಲ್-5, ಎಸ್-1." "ಅರೆ, ನಮ್ಮದೂ ಅದೇ!" ಎಲೆಗೆ ಪಾಯಸ ಬೀಳುವಷ್ಟರಲ್ಲಿ ಇಬ್ಬರೂ ಅಣ್ಣತಮ್ಮಂದಿರು. ಡಿಸ್ಕ್ ಜಾರುವ ಪ್ರಕರಣಗಳಲ್ಲಿ ಬಹುಪಾಲು ಈ ಕೆಳಗಿನ ಎರಡು ಮನೆಯಲ್ಲೇ, ಅಂದರೆ ಎಲ್-4 ಎಲ್-5ರ ನಡುವೆ, ಇಲ್ಲವೇ ಎಲ್-5 ಮತ್ತು ಅದರ ಕೆಳಗಿನ ಮೂಳೆ ಎಸ್-1ರ ನಡುವೆ ನಡೆಯುವುದು. ಹೀಗಾಗಿ ರಾಜ್ಯದ ಸೊಂಟವಂತರೆಲ್ಲ ಹೆಚ್ಚುಕಡಿಮೆ ಸಗೋತ್ರದವರೇ.

ಅದಕ್ಕಿಂತ ದೊಡ್ಡ ತಮಾಷೆ ಇನ್ನೊಂದಿದೆ. 1994ರಲ್ಲಿ ಅಮೆರಿಕದ ವೈದ್ಯರು ಸೊಂಟನೋವೇ ಇಲ್ಲದ 98 ಜನರನ್ನು ಹಿಡಿದು ಎಂಆರ್‌ಐ ಮಾಡಿದರು. ಅರ್ಧಕ್ಕಿಂತ ಜಾಸ್ತಿ ಜನರಿಗೆ ಒಂದಾದರೂ ಡಿಸ್ಕ್ ಉಬ್ಬಿತ್ತು! ಎಲ್ಲ ಡಿಸ್ಕೂ ಸರಿಯಾಗಿದ್ದವರು ಶೇಕಡಾ 36 ಮಾತ್ರ. ಇಂಥ ಅಧ್ಯಯನಗಳನ್ನೆಲ್ಲ ಸೇರಿಸಿ 2015ರಲ್ಲಿ ನೋಡಿದಾಗ, ಯಾವ ನೋವೂ ಇಲ್ಲದ ಇಪ್ಪತ್ತು ವಯಸ್ಸಿನವರಲ್ಲೂ ಶೇಕಡಾ 37 ಜನರ ಡಿಸ್ಕ್ ಸವೆದಿತ್ತು. ಎಂಬತ್ತಕ್ಕೆ ಅದು ಶೇಕಡಾ 96. ಪಾಪ, ಅವರಿಗೆ ರಿಪೋರ್ಟ್ ಓದಿ ಹೇಳುವವರು ಯಾರೂ ಸಿಕ್ಕಿರಲಿಲ್ಲ. ಹಾಗಾಗಿ ಆರಾಮಾಗಿ ಓಡಾಡಿಕೊಂಡಿದ್ದರು.

ಇಲ್ಲಿ ಒಂದು ನಿಮಿಷ ನಗು ಪಕ್ಕಕ್ಕಿಡೋಣ. ಮೂತ್ರ, ಮಲದ ಹಿಡಿತ ತಪ್ಪಿದರೆ, ತೊಡೆ ಸಂದಿಯಲ್ಲಿ ಸ್ಪರ್ಶ ಗೊತ್ತಾಗದಿದ್ದರೆ, ಪಾದ ಎತ್ತಲು ಬಾರದಿದ್ದರೆ ತಡಮಾಡದೆ ಆಸ್ಪತ್ರೆಗೆ ಓಡಬೇಕು. ಸೊಂಟನೋವಿನ ಜೊತೆ ಜ್ವರ ಇದ್ದರೂ, ಹಿಂದೆ ಕ್ಯಾನ್ಸರ್ ಆಗಿದ್ದರೂ ಅಷ್ಟೇ. ಸ್ಕ್ಯಾನ್ ಹುಟ್ಟಿರೋದೇ ಅಂಥವರಿಗೆ. ತಮಾಷೆ ಏನಂದರೆ, ಅಂಥವರು ಅಮೃತಾಂಜನ ಹಚ್ಚಿಕೊಂಡು ಮನೆಯಲ್ಲಿ ಮಲಗಿರುತ್ತಾರೆ. ನಿನ್ನೆ ಗ್ಯಾಸ್ ಸಿಲಿಂಡರ್ ಎತ್ತಿದವರು ಸ್ಕ್ಯಾನಿಂಗ್ ಸೆಂಟರಿನ ಕ್ಯೂನಲ್ಲಿ ನಿಂತಿರುತ್ತಾರೆ.

ರಿಪೋರ್ಟ್ ಬಂದ ಮೇಲೆ ಸರಂಜಾಮು ಶುರು. ಸೊಂಟಕ್ಕೆ ಬೆಲ್ಟು. ಕಾಲಿಗೆ ಭಾರ ಕಟ್ಟಿ, ಬಾವಿಗೆ ಬಿಂದಿಗೆ ಇಳಿಬಿಟ್ಟ ಹಾಗೆ ಎಳೆಯುವ ಟ್ರಾಕ್ಷನ್. ಜುಮ್ಮೆನ್ನಿಸುವ ಕರೆಂಟು. ಜೆಲ್ ಹಚ್ಚಿ ಉಜ್ಜುವ ಅಲ್ಟ್ರಾಸೌಂಡು. 2023ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಬಿಡದೆ ಕಾಡುವ ಸೊಂಟನೋವಿಗೆ ಮೊದಲ ಸಲ ಮಾರ್ಗಸೂಚಿ ತಂದಿತು. ಬೇಡ ಅಂತ ಅದರಲ್ಲಿ ಪಟ್ಟಿ ಮಾಡಿರುವುದು ಏನನ್ನು ಗೊತ್ತಾ? ಬೆಲ್ಟು, ಟ್ರಾಕ್ಷನ್, ಕರೆಂಟು, ಅಲ್ಟ್ರಾಸೌಂಡು. ನಮ್ಮ ಬಡಾವಣೆಯ ಕ್ಲಿನಿಕ್ಕಿನ ಪ್ಯಾಕೇಜ್ ಚೀಟಿ ಮುಂದಿಟ್ಟುಕೊಂಡೇ ಬರೆದಂತಿದೆ. ಹೋಗಲಿ, ಮಾತ್ರೆ ನುಂಗೋಣ ಅಂದರೆ, ಹೊಸದಾಗಿ ಬಂದ ಸೊಂಟನೋವಿಗೆ ಪ್ಯಾರಸಿಟಮಾಲೂ ಔಷಧಿಯೇ ಇಲ್ಲದ ಹಿಟ್ಟಿನ ಮಾತ್ರೆಯೂ ಒಂದೇ ಅಂತ ಆಸ್ಟ್ರೇಲಿಯಾದವರು 2014ರಲ್ಲೇ ತೋರಿಸಿಬಿಟ್ಟಿದ್ದಾರೆ. ಒಂದು ವಾರ ಹಾಸಿಗೆಯಲ್ಲೇ ಬಿದ್ದಿರೋಣ ಅಂದರೆ, ಏಳು ದಿನ ಮಲಗುವುದಕ್ಕೂ ಎರಡು ದಿನ ಮಲಗುವುದಕ್ಕೂ ಗುಣದಲ್ಲಿ ವ್ಯತ್ಯಾಸವಿಲ್ಲ ಎಂದು 1986ರಲ್ಲೇ ಗೊತ್ತಾಗಿದೆ. ಏಳು ದಿನ ಮಲಗಿದವರಿಗೆ ಹೆಚ್ಚು ಸಿಕ್ಕಿದ್ದು ರಜೆ ಮಾತ್ರ.

ಐಟಿ ಕಂಪನಿಗಳು ಇದನ್ನೆಲ್ಲ ಓದದೆ ಮೂವತ್ತು ಸಾವಿರದ ಕುರ್ಚಿ ತಂದವು. ತಲೆಗೆ ಆಸರೆ, ಸೊಂಟಕ್ಕೆ ಆಸರೆ, ಕೈಗೆ ಆಸರೆ. ಪೀಣ್ಯದ ಗಾರ್ಮೆಂಟ್ಸಿನಲ್ಲಿ ದಿನವಿಡೀ ಬಗ್ಗಿ ಹೊಲಿಯುವ ಹೆಂಗಸರಿಗೆ ಒರಗಲು ಬೆನ್ನೇ ಇಲ್ಲದ ಸ್ಟೂಲು. ಅವರೂ ಡಾಕ್ಟರ ಹತ್ತಿರ ಹೋಗುತ್ತಾರೆ. ಡಾಕ್ಟರು ಹೇಳುತ್ತಾರೆ, "ಜಾಸ್ತಿ ಹೊತ್ತು ಒಂದೇ ಕಡೆ ಕೂರಬೇಡಮ್ಮ, ಭಾರ ಎತ್ತಬೇಡ, ರೆಸ್ಟ್ ತಗೋ." ಆಯ್ತು ಸಾರ್, ಸೂಪರ್‌ವೈಸರ್‌ಗೆ ನೀವೇ ಒಂದು ಫೋನ್ ಮಾಡಿ ಹೇಳಿ.

ಹಾಗಾದರೆ ಯಾವುದು ಕೆಲಸ ಮಾಡುತ್ತೆ? ನೋವಿನ ಬಗ್ಗೆ ತಿಳಿವಳಿಕೆ, ವ್ಯಾಯಾಮ, ಓಡಾಟ, ಬೇಕಿದ್ದರೆ ಕೆಲವು ದಿನ ಬೇರೆ ಬಗೆಯ ನೋವಿನ ಮಾತ್ರೆ, ಮನಸ್ಸು ಕುಗ್ಗಿದ್ದರೆ ಅದಕ್ಕೊಂದು ಉಪಚಾರ. ಆಪರೇಷನ್ ಬೇಕಾಗುವವರು ಕೆಲವೇ ಮಂದಿ. ಬುದ್ಧಿವಂತ ಡಾಕ್ಟರು ಚೀಟಿಯಲ್ಲಿ ಒಂದೇ ಸಾಲು ಬರೆಯುತ್ತಾರೆ: ದಿನಾ ಅರ್ಧ ಗಂಟೆ ನಡೆಯಿರಿ.

ಇದು ಅತಿ ಅಗ್ಗದ ಔಷಧಿ. ಆದರೆ ಯಾವ ಮೆಡಿಕಲ್ ಶಾಪಿನಲ್ಲೂ ಸ್ಟಾಕ್ ಇಲ್ಲ. ಫುಟ್‌ಪಾತಿಗೆ ಇಳಿದರೆ ಮೊದಲು ಒಂದು ಟ್ರಾನ್ಸ್‌ಫಾರ್ಮರ್. ಅದನ್ನು ಬಳಸಿಕೊಂಡು ಹೋದರೆ ಕಲ್ಲುಚಪ್ಪಡಿ ಎದ್ದ ಚರಂಡಿ. ಅದನ್ನು ಹಾರಿದರೆ ಗೋಬಿ ಮಂಚೂರಿ ಗಾಡಿ. ಹಾರುವಾಗ ಹಿಂದಿನಿಂದ ಸ್ಕೂಟರ್ ಹಾರ್ನ್ ಹೊಡೆಯುತ್ತದೆ, ಅದೂ ಫುಟ್‌ಪಾತಿನ ಮೇಲೆಯೇ. ಬಗ್ಗು, ಹಾರು, ತಿರುಗು, ಒಂಟಿ ಕಾಲಲ್ಲಿ ನಿಲ್ಲು. ಫಿಸಿಯೋಥೆರಪಿಯವರು ಹೇಳಿಕೊಡುವ ಅಷ್ಟೂ ಭಂಗಿ ಇನ್ನೂರು ಮೀಟರಿನಲ್ಲಿ ಮುಗಿಯುತ್ತವೆ. ಇದನ್ನು ಪಾಲಿಕೆಯ ಆರೋಗ್ಯ ಯೋಜನೆ ಅಂತ ಉದ್ಘಾಟನೆ ಮಾಡಿಸೋದೊಂದು ಬಾಕಿ. ರಿಬ್ಬನ್ ಕಟ್ಟಲು ಕಂಬಕ್ಕೇನು, ಫುಟ್‌ಪಾತಿನ ಮಧ್ಯದಲ್ಲೇ ಬೇಕಾದಷ್ಟಿವೆ.

ಉಳಿದದ್ದು ಪಾರ್ಕು. ಗೇಟಿನಲ್ಲಿ ಬೋರ್ಡು: ಓಡಬಾರದು, ಆಡಬಾರದು, ಹುಲ್ಲಿನ ಮೇಲೆ ಕೂರಬಾರದು, ಪ್ರದಕ್ಷಿಣೆಯಾಗಿಯೇ ನಡೆಯಬೇಕು. ದಿನಾ ಒಂದೇ ಕಡೆ ತಿರುಗಿ ತಿರುಗಿ ಬೇಸತ್ತ ಯಜಮಾನರೊಬ್ಬರು ಮೊನ್ನೆ ಎದುರು ದಿಕ್ಕಿನಿಂದ ಹೊರಟರು. ಕಾವಲುಗಾರ ಸೀಟಿ ಊದಿದ. ಯಜಮಾನರು ಜೇಬಿನಿಂದ ಡಾಕ್ಟರ ಚೀಟಿ ತೆಗೆದು ತೋರಿಸಿದರು. ಅವನು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ವಾಪಸ್ ಕೊಟ್ಟ. "ನಡೀರಿ ಅಂತ ಬರೆದವ್ರೆ ಸಾರ್, ಉಲ್ಟಾ ನಡೀರಿ ಅಂತ ಎಲ್ಲಿ ಬರೆದವ್ರೆ?"