ಓದುತ್ತ ಕುಳಿತವರನ್ನು ಹೊರಗಟ್ಟುವ ತಂತ್ರಾಂಶ

ಹಳೆಯ ಕ್ರಯಪತ್ರಗಳ ಸ್ಕ್ಯಾನ್ ಪ್ರತಿಗಳನ್ನು ಓದಿ, ಸರ್ವೆ ನಂಬರು, ವಿಸ್ತೀರ್ಣ, ಚಕ್ಕುಬಂದಿಗಳನ್ನು ಕಂಪ್ಯೂಟರಿಗೆ ಏರಿಸುವುದು ನನ್ನ ಕೆಲಸ. ಟೈಪಿಂಗ್‌ಗಿಂತ ಓದುವುದಕ್ಕೇ ಹೆಚ್ಚು ಹೊತ್ತು ಹಿಡಿಯುತ್ತದೆ ಎಂಬುದು ನಮಗೆ ಕೊಟ್ಟಿರುವ ತಂತ್ರಾಂಶಕ್ಕೆ ಮಾತ್ರ ತಿಳಿದಿಲ್ಲ. ಅದರ ವಿಂಡೋದಲ್ಲಿ ಐದು ನಿಮಿಷ ಕೀಲಿ ಒತ್ತದೆ, ಮೌಸ್ ಆಡಿಸದೆ ಇದ್ದರೆ ‘ನೀವು ನಿಷ್ಕ್ರಿಯರಾಗಿದ್ದೀರಿ’ ಎಂದು ಘೋಷಿಸಿ ಲಾಗ್‌ಔಟ್ ಮಾಡಿಬಿಡುತ್ತದೆ. ಅರ್ಧ ತುಂಬಿದ ನಮೂನೆಯೂ ಅದರೊಂದಿಗೇ ಅಳಿದುಹೋಗುತ್ತದೆ.

ನಿನ್ನೆಯ ಪತ್ರದಲ್ಲಿ ಶಾಯಿ ಹರಡಿ, ಬರೆದಿರುವುದು 2 ಎಕರೆ 13 ಗುಂಟೆಯೋ 18 ಗುಂಟೆಯೋ ತಿಳಿಯದಂತಾಗಿತ್ತು. ಮುಂದಿನ ಪುಟದಲ್ಲಿ ಅದನ್ನೇ ಅಕ್ಷರದಲ್ಲೂ ಬರೆದಿರುತ್ತಾರೆಂದು ಪಿಡಿಎಫ್ ಹಿಗ್ಗಿಸಿ, ಮೌಸ್ ಉರುಳಿಸುತ್ತ ಹುಡುಕಿ, ‘ಹದಿಮೂರು’ ಎಂಬುದನ್ನು ಖಾತ್ರಿ ಮಾಡಿಕೊಂಡು ಬರುವಷ್ಟರಲ್ಲಿ ಪರದೆಯ ಮೇಲೆ ಲಾಗಿನ್ ಪುಟ ನಿಂತಿತ್ತು. ಒಂದೇ ಪತ್ರಕ್ಕೆ ಇದು ಮೂರನೆಯ ಸಲ.

ವಿಂಡೋಸ್‌ನಲ್ಲಿ ‘ಗೆಟ್‌ಲಾಸ್ಟ್‌ಇನ್‌ಪುಟ್‌ಇನ್ಫೋ’ ಎಂಬ ಫಂಕ್ಷನ್, ಅಂದರೆ ಯಾವ ತಂತ್ರಾಂಶವೂ ಕರೆದು ಕೇಳಬಹುದಾದ ಸಿದ್ಧ ಸೌಲಭ್ಯ, ವಿಂಡೋಸ್ 2000ರ ಕಾಲದಿಂದಲೂ ಇದೆ. ಬಳಕೆದಾರರು ತಮ್ಮ ಸೆಷನ್ನಿನಲ್ಲಿ, ಯಾವ ವಿಂಡೋದಲ್ಲೇ ಆಗಲಿ, ಕೀಲಿಮಣೆಯನ್ನೋ ಮೌಸನ್ನೋ ಕೊನೆಯದಾಗಿ ಬಳಸಿದ್ದು ಯಾವಾಗ ಎಂಬುದನ್ನು ಅದು ತಿಳಿಸುತ್ತದೆ. ಈಗಿನ ಹೊತ್ತಿನಿಂದ ಅದನ್ನು ಕಳೆದರೆ ಎಷ್ಟು ಹೊತ್ತು ಸುಮ್ಮನಿದ್ದರೆಂಬುದು ಸಿಗುತ್ತದೆ. ನಮ್ಮ ತಂತ್ರಾಂಶ ಕಟ್ಟಿದ ಪುಣ್ಯಾತ್ಮರು ಅಷ್ಟನ್ನೂ ಮಾಡದೆ, ತಮ್ಮ ವಿಂಡೋದಲ್ಲಿ ಒತ್ತಿದ ಕೀಲಿ, ಆಡಿಸಿದ ಮೌಸುಗಳನ್ನಷ್ಟೇ ಎಣಿಸುತ್ತಾರೆ. ಪಕ್ಕದ ಪಿಡಿಎಫ್‌ನಲ್ಲಿ ನಾನು ನೂರು ಸಲ ಮೌಸ್ ಉರುಳಿಸಿದರೂ ಅವರ ಲೆಕ್ಕದಲ್ಲಿ ನಾನು ಎದ್ದುಹೋದವನೇ. ಆ ಫಂಕ್ಷನ್ನಿಗೂ ಕಣ್ಣಿನ ಓದು ಕಾಣುವುದಿಲ್ಲ ನಿಜ. ಅದಕ್ಕೇ ಅಲ್ಲವೇ, ಒಂದು ನಿಮಿಷ ಮೊದಲು ‘ಇದ್ದೀರಾ?’ ಎಂದು ಕೇಳಬೇಕಾದದ್ದು?

ಜನರ ಜಮೀನಿನ ದಾಖಲೆಯನ್ನು ತೆರೆದಿಟ್ಟು ಹೋಗಬಾರದೆಂಬ ಕಾಳಜಿಯನ್ನು ನಾನು ಒಪ್ಪುತ್ತೇನೆ. ಹಾಗಾದರೆ ಪರದೆಯನ್ನು ಲಾಕ್ ಮಾಡಲಿ, ಪಾಸ್‌ವರ್ಡ್ ಕೇಳಲಿ, ತುಂಬಿದ್ದನ್ನು ಮಾತ್ರ ಉಳಿಸಲಿ. ಪಕ್ಕದ ಮೇಜಿನವರು ಈಗ ಓದುತ್ತಲೇ ಎಡಗೈಯಿಂದ ಆಗಾಗ ಶಿಫ್ಟ್ ಕೀಲಿ ಒತ್ತುವುದನ್ನು ರೂಢಿ ಮಾಡಿಕೊಂಡಿದ್ದಾರೆ. ತೂಕಡಿಸುತ್ತ ಒತ್ತಿದರೂ ತಂತ್ರಾಂಶಕ್ಕೆ ಅವರು ಮಹಾ ಚುರುಕು.

ದೂರು ಕೊಟ್ಟದ್ದಕ್ಕೆ ‘ಆಗಾಗ ಸೇವ್ ಮಾಡಿಕೊಳ್ಳಿ’ ಎಂಬ ಉತ್ತರ ಬಂದಿದೆ. ಚಕ್ಕುಬಂದಿಯ ನಾಲ್ಕೂ ದಿಕ್ಕು ತುಂಬುವವರೆಗೆ ಆ ಸೇವ್ ಗುಂಡಿ ಒತ್ತಲಿಕ್ಕೇ ಬರುವುದಿಲ್ಲ.