ಆ ಎಲೆ ನನಗೆ ಕೊಡ್ತೀರಾ?

ಕಳೆದ ಭಾನುವಾರ ಇಲ್ಲಿ ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಚಳಿಗಾಲದ ಲೆಕ್ಕಕ್ಕೆ ಗಡಿಯಾರ ಒಂದು ಗಂಟೆ ಹಿಂದೆ ಹೋಯಿತು. ಇನ್ನು ಐದಕ್ಕೆ ಮೊದಲೇ ಕತ್ತಲೆ. ಬೆಳಕಿದ್ದಾಗಲೇ ಓಕ್ ಮರದ ಎಲೆ ಗುಡಿಸಿ, ಮೂರು ಚೀಲ ತುಂಬಿ, ಕಸದ ಲಾರಿಗೆ ಅಂತ ಗೇಟಿನ ಹತ್ತಿರ ಇಟ್ಟೆ. ಪಕ್ಕದ ಮನೆಯ ಅಜ್ಜ ಬೇಲಿಯಾಚೆಯಿಂದ ಕೇಳಿದರು: "ನಿಮಗೆ ಬೇಡವಾದರೆ ಆ ಎಲೆ ನನಗೆ ಕೊಡ್ತೀರಾ?"

ಚೀಲ ಹೊತ್ತುಕೊಂಡು ಅವರ ಹಿತ್ತಲಿಗೆ ಹೋದೆ. ಗೂಟ ನೆಟ್ಟು ತಂತಿ ಜಾಲರಿ ಸುತ್ತಿದ ಮೂರು ಗೂಡುಗಳಿದ್ದವು. ಈ ವರ್ಷದ್ದು, ಹೋದ ವರ್ಷದ್ದು, ಅದರ ಹಿಂದಿನದ್ದು. ಮೂರನೆಯದಕ್ಕೆ ಕೈ ಹಾಕಿ ನೋಡಿ ಅಂದರು. ಕಾಫಿ ಪುಡಿಯ ಹಾಗೆ ಕಪ್ಪಗಿತ್ತು. ಹಿಡಿದರೆ ಉಂಡೆ, ಬೆರಳು ಬಿಟ್ಟರೆ ಉದುರು. ಎಲೆಯ ಒಂದು ನರವೂ ಉಳಿದಿರಲಿಲ್ಲ. ಇದಕ್ಕೆ ಇಲ್ಲಿ ಲೀಫ್ ಮೋಲ್ಡ್ ಅಂತಾರೆ. ಕಾಂಪೋಸ್ಟಿನ ಹಾಗೆ ಇದು ಕಾವೇರುವುದಿಲ್ಲ. ಬೂಷ್ಟು ತಣ್ಣಗೆ ಕೂತು ಎಲೆಯನ್ನು ತಿನ್ನುತ್ತದೆ, ಅದಕ್ಕೇ ಎರಡು ವರ್ಷ. ತೇವ ಆರಬಾರದು, ಅಷ್ಟೇ. ಅಜ್ಜನಿಗೆ ಈಗ 78. ಇನ್ನೆರಡು ವರ್ಷದ ಮೇಲೆ ಸಿಗುವ ಮಣ್ಣಿಗಾಗಿ ನನ್ನ ಚೀಲಗಳನ್ನು ಅಷ್ಟು ಖುಷಿಯಿಂದ ಸುರಿದುಕೊಂಡರು.

ಕೈಯ ವಾಸನೆ ನೋಡಿದೆ. ಥೇಟ್ ನಮ್ಮ ಸಾಗರದ ತೋಟ. ಅಜ್ಜಿ ಬೆಟ್ಟದಿಂದ ದರಗು, ಅಂದರೆ ಒಣಗಿ ಬಿದ್ದ ಎಲೆ, ಹೊತ್ತು ತಂದು ಕೊಟ್ಟಿಗೆಗೆ ಹಾಸುತ್ತಿದ್ದಳು. ಅಲ್ಲಿಂದ ಗೊಬ್ಬರದ ಗುಂಡಿ, ಗುಂಡಿಯಿಂದ ಅಡಿಕೆ ಬುಡ. ಆ ಕಡೆ ಸಿರ್ಸಿಯಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆವರೆಗೂ ಸೊಪ್ಪಿನ ಬೆಟ್ಟ ಇದೆ, ಅಂದರೆ ತೋಟದವರು ಸೊಪ್ಪು, ದರಗು ತರುವ ಕಾಡು. ಎಲೆಯ ಬೆಲೆ ನಮಗೆ ಯಾರೂ ಹೇಳಿಕೊಡಬೇಕಿರಲಿಲ್ಲ, ಅಲ್ವಾ?

ಅದೇ ನಾವು ಬೆಂಗಳೂರಿಗೆ ಬಂದು ಏನು ಮಾಡಿದೆವು? ಶಿವರಾತ್ರಿ ಹೊತ್ತಿಗೆ ಮಳೆಮರ, ಹೊಂಗೆ ಎಲ್ಲ ಎಲೆ ಉದುರಿಸುತ್ತವೆ. ಗುಡಿಸಿ ಮೂಲೆಯಲ್ಲಿ ರಾಶಿ ಹಾಕಿ ಬೆಂಕಿ ಇಡುತ್ತಾರೆ. ಸುಡಬಾರದು ಅಂತ ನಿಯಮವಿದೆ, ಯಾರೂ ಕೇಳಲ್ಲ. ಹೋದ ಫೆಬ್ರುವರಿಯಲ್ಲಿ ಅಮ್ಮ ಫೋನಿನಲ್ಲಿ ಕೆಮ್ಮುತ್ತಲೇ ಮಾತಾಡಿದಳು. ಕಿಟಕಿ ಹಾಕಿದ್ದರೂ ಹೊಗೆ ಒಳಗೆ ಬರುತ್ತಿತ್ತಂತೆ. ಆ ಬೀದಿಯಲ್ಲಿ ಅರ್ಧ ಜನ ನಮ್ಮಂತೆ ತೋಟದ ಮನೆಯಿಂದ ಬಂದವರೇ. ನನಗೆ ಹೊಟ್ಟೆ ಉರಿಯುವುದು ಅದಕ್ಕೇ. ಗೊತ್ತಿಲ್ಲದವರು ಸುಟ್ಟರೆ ಬೇರೆ ಮಾತು.

ಇಲ್ಲಿಯವರೆಲ್ಲ ಈ ಅಜ್ಜನ ಹಾಗೇನೂ ಇಲ್ಲ. ಎದುರು ಮನೆಯವರು ಹಿತ್ತಲಿಗೆಲ್ಲ ಕಲ್ಲು ಹಾಸಿ, ಬಿದ್ದ ನಾಲ್ಕು ಎಲೆಯನ್ನೂ ಬ್ಲೋವರ್‌ನಿಂದ ಬೀದಿಗೆ ಊದುತ್ತಾರೆ. ಬೆಂಗಳೂರಿನಲ್ಲೂ ಎಲೆ ಸುಡಲು ಬಿಡದೆ ಗೊಬ್ಬರ ಮಾಡುವ ಜನ ಇದ್ದಾರೆ, ಎಚ್‌ಎಸ್‌ಆರ್ ಲೇಔಟ್ ಕಡೆ ಹೋದರೆ ಕಾಣುತ್ತಾರೆ. ಇನ್ನು ಬೆಟ್ಟದಿಂದ ಹೊರೆ ಹೊತ್ತು ಅಜ್ಜಿಯ ಕುತ್ತಿಗೆ ಹೇಗಾಗಿತ್ತು ಅನ್ನುವುದನ್ನೂ ನಾನು ನೋಡಿದ್ದೇನೆ.

ರಾತ್ರಿ ಅಮ್ಮನಿಗೆ ಎಲ್ಲ ಹೇಳಿದೆ. ಟೆರೇಸ್ ಮೇಲಿನ ಹಳೆ ಡ್ರಮ್ಮಿಗೆ ತೂತು ಕೊರೆದು ಎಲೆ ತುಂಬಿಸಮ್ಮ ಅಂದೆ. "ತುಂಬಿಸಬಹುದು ಕಣೋ," ಅಂದಳು. "ಎಲೆ ಉದುರೋದೇ ಬೇಸಿಗೆ ಮುಂದೆ. ಕುಡಿಯೋಕೇ ಟ್ಯಾಂಕರ್ ತರಿಸೋವಾಗ ಅದಕ್ಕೆ ನೀರು ಎಲ್ಲಿಂದ ತರ್ಲಿ?"